ಪಾತ್ರೆಗೆ ಬಾಯಿ ಹಚ್ಚದ ಭಾನುವಾರಗಳು

ನಮ್ಮ ಕಡೆ ಯಾರಿಗಾದರೂ ಕೆಮ್ಮು ಬಂದರೆ ಮೊದಲು ಬೈಸಿಕೊಳ್ಳುವುದು ಒಣಮೆಣಸಿನಕಾಯಿ. ಅದಾದ ಮೇಲೆ ರಸ್ತೆಯ ಧೂಳು, ಆಮೇಲೆ ಶೇಂಗಾ ತಿಂದು ನೀರು ಕುಡಿದದ್ದು. ನಾನು ಹೊಲಿಗೆ ಮಿಷನ್ ಮುಂದೆ ಕೂರುವವಳು, ನನಗೆ ಇನ್ನೊಂದು ನೆಪ ಹೆಚ್ಚಿಗೆ ಇತ್ತು. ಬಟ್ಟೆಯ ನೂಲು ಗಂಟಲಿಗೆ ಹೋಗಿದೆ ಅಂದುಕೊಂಡೆ. ಹೀಗೆ ಒಂದೊಂದನ್ನೇ ಬೈಯುತ್ತಾ ಚಳಿಗಾಲ ಪೂರ್ತಿ ಕಳೆದೆ. ಓಣಿಯಲ್ಲಿ ನನ್ನ ಬಾಯಿ ಸ್ವಲ್ಪ ಜೋರು ಅಂತ ಹೆಸರು. ಕೆಮ್ಮು ಬಂದು ಮಾತು ಅರ್ಧಕ್ಕೇ ನಿಂತಾಗ ನಮ್ಮ ಮನೆಯವರು, "ದೇವ್ರು ನನ್ ಪ್ರಾರ್ಥನಿ ಕೇಳ್ಯಾನ ನೋಡು," ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಕ್ಕರೆ ಮತ್ತೆ ಕೆಮ್ಮು ಬರುತ್ತಿತ್ತು.

ಕೂಡ್ಲಿಗಿ ಆಸ್ಪತ್ರೆಯ ಬೆಂಚಿನ ಮೇಲೆ ಈಗಲೂ ನಾನು ಆಗಾಗ ಹೋಗಿ ಕೂರುತ್ತೇನೆ. ಸೆರಗಿನಲ್ಲಿ ಮುಖ ಮರೆ ಮಾಡಿಕೊಂಡು ಬರುವ ಹೆಣ್ಣುಮಕ್ಕಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಕ್ಕಾ, ನಿಮಗೂ ಬಂದಿತ್ತಂತಲ್ಲ, ಖರೆ ಏನ್ರಿ?" ಎಂದು ಕೇಳುತ್ತಾರೆ. ನನ್ನ ಮೈಕೈ ನೋಡಿದರೆ ಅವರಿಗೆ ನಂಬಿಕೆ ಬರುವುದಿಲ್ಲ. ಇಷ್ಟು ದಪ್ಪಗಿರುವವಳಿಗೆ ಟಿ.ಬಿ. ಎಲ್ಲಿಂದ ಬರಬೇಕು? ಅಲ್ಲಿ ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಔಷಧಿ ಹೇಗೆ ಕೆಲಸ ಮಾಡುತ್ತದೆ ಅಂತ ಮಾತ್ರ ಕೇಳಬೇಡಿ, ಅದು ಡಾಕ್ಟರಿಗೆ ಗೊತ್ತು.

ತೊಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲ. ನನ್ನ ಹೆಸರು ಮಾರ್ಥ. ತವರು ಹರಪನಹಳ್ಳಿ, ಕೊಟ್ಟದ್ದು ಕೂಡ್ಲಿಗಿಗೆ. ಗಂಡ ದೇವಪುತ್ರ ಒಂದು ಶಾಲೆಯಲ್ಲಿ ಅಟೆಂಡರ್. ಅತ್ತೆ ರೂತಮ್ಮ ಹಿರಿಯ ಮಗನ ಜೊತೆ ಹಿಂದಿನ ಓಣಿಯಲ್ಲಿದ್ದರು. ಹೆಸರಿಗೆ ಆ ಮನೆ, ಹೊತ್ತು ಕಳೆಯುವುದೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ. ಮದುವೆಯಾಗಿ ವರ್ಷಗಟ್ಟಲೆ ಕಾದು, ಕಂಡ ಕಂಡ ಪ್ರಾರ್ಥನಾ ಕೂಟಕ್ಕೆಲ್ಲ ಹೋಗಿ ಮೊಣಕಾಲೂರಿದ ಮೇಲೆ ನಮಗೆ ಹುಟ್ಟಿದವಳು ಕೃಪಾ. ಆಗ ಅವಳಿಗೆ ಒಂದೂವರೆ ವರ್ಷ. ನಾನು ಮಿಷನ್ ತುಳಿಯುವಾಗ ಕಾಲ ಬುಡದಲ್ಲೇ ಕೂತು ಬಟ್ಟೆಯ ಚೂರುಗಳನ್ನು ತಲೆಯ ಮೇಲೆ ಹಾಕಿಕೊಂಡು ಆಡುತ್ತಿದ್ದಳು. ಹಾಲು ಇನ್ನೂ ಬಿಟ್ಟಿರಲಿಲ್ಲ.

ಸಂಜೆಯಾದರೆ ಸಣ್ಣಗೆ ಜ್ವರ, ರವಿಕೆಗಳೆಲ್ಲ ಸಡಿಲ. ಊರವರ ರವಿಕೆ ಹೊಲಿಯುವವಳು ನಾನು, ನನ್ನದನ್ನೇ ಮತ್ತೆ ಮತ್ತೆ ಹಿಡಿದು ಹೊಲಿದುಕೊಳ್ಳಬೇಕಾಯಿತು. ಒಂದು ದಿನ ಕೆಮ್ಮಿದಾಗ ಕರ್ಚೀಫಿನಲ್ಲಿ ರಕ್ತ ಕಂಡಿತು. ಆಗ ಮೆಣಸಿನಕಾಯಿಯನ್ನು ಬೈಯುವುದು ನಿಂತಿತು.

ಆಸ್ಪತ್ರೆಯಲ್ಲಿ ಸಣ್ಣ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ತಂದು ಕೊಡಲು ಹೇಳಿದರು. ನಮ್ಮ ಮನೆಯವರು ಆ ಡಬ್ಬಿಯನ್ನು ಊಟದ ಬುತ್ತಿಯ ಚೀಲದಲ್ಲಿಟ್ಟು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋದರು. ದಾರಿಯಲ್ಲಿ ಸಿಕ್ಕವರು, "ಏನಪ್ಪಾ ದೇವಪುತ್ರಾ, ಇಷ್ಟು ಲಗೂನ ಬುತ್ತಿ ಕಟ್ಟಿಸ್ಕಂಡಿಯಲ್ಲ, ಏನು ವಿಶೇಷ?" ಅಂದರಂತೆ. "ಉಪ್ಪಿಟ್ಟು," ಅಂದು ಬಂದಿದ್ದರು. ಆ ಮೇಲೆ ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ಮಾಡಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಫಲಿತಾಂಶ ಕೇಳಲು ಹೋದ ದಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಎಲ್ಲರೂ ಕೆಮ್ಮುವವರೇ. ಒಬ್ಬರು ಕೆಮ್ಮಿದರೆ ಉಳಿದವರು ಅವರ ಕಡೆ ನೋಡದೆ ಗೋಡೆಯ ಕಡೆ ನೋಡುತ್ತಿದ್ದರು. ನಮ್ಮವರು ನನ್ನ ಚೀಲದ ಹಿಡಿಕೆಯನ್ನು ತಿರುವುತ್ತಾ ತಿರುವುತ್ತಾ ಕಿತ್ತೇಬಿಟ್ಟರು. ಡಾಕ್ಟರು ಒಳ್ಳೆಯವರು, ಮುಖ ಕೊಟ್ಟು ಮಾತಾಡಿದರು. "ಟಿ.ಬಿ. ಐತಮ್ಮ. ಹೆದರಬ್ಯಾಡ, ವಾಸಿ ಆಗ್ತದ. ಆದ್ರ ಮಾತ್ರೆ ಒಂದು ದಿನನೂ ತಪ್ಪಿಸೋಹಂಗಿಲ್ಲ," ಎಂದರು. ಆಮೇಲೆ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿದರು. ಕೃಪಾಳ ವಿಷಯ ಹೇಳಿದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅವಳಿಗೂ ರೋಗ ತಗುಲದಂತೆ ಒಂದು ಮಾತ್ರೆ ಬರೆದುಕೊಟ್ಟು, ನನ್ನ ಕಫದಲ್ಲಿ ರೋಗ ಕಾಣದಂತಾಗುವ ತನಕ ಕೂಸನ್ನು ಬೇರೆ ಕಡೆ ಇಟ್ಟರೆ ಒಳ್ಳೆಯದು ಎಂದರು. ಈಗಿನ ಡಾಕ್ಟರುಗಳು ಹಾಗೆ ಹೇಳುವುದಿಲ್ಲವಂತೆ. ನನಗೆ ಹೇಳಿದ್ದು ಅದೇ, ನಾನು ಕೇಳಿದ್ದೂ ಅದನ್ನೇ.

ನಮ್ಮವ್ವ ಹರಪನಹಳ್ಳಿಯಿಂದ ಬಂದು ಕೃಪಾಳನ್ನು ಕರೆದುಕೊಂಡು ಹೋದಳು. ಓಣಿಯವರಿಗೂ ಅತ್ತೆಗೂ ಹೇಳಲು ನೆಪ ಸಿದ್ಧವಿತ್ತು. ಹಾಲು ಬಿಡಿಸಲು ಕೂಸನ್ನು ಅಜ್ಜಿಯ ಮನೆಗೆ ಕಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಕೈ ಚಾಚಿ ಅಳುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿನ ಕಂಬ ಹಿಡಿದು ನಿಂತಿದ್ದೆ. ಹಾಲು ಕಟ್ಟಿ ಎದೆ ಕಲ್ಲಾಯಿತು. ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಹಿಂಡಿ ಬರುತ್ತಿದ್ದೆ, ಅಳುತ್ತಲೇ ಹಿಂಡುತ್ತಿದ್ದೆ. ಟಿ.ಬಿ.ಯ ನೋವು ಏನೇನೂ ಅಲ್ಲ, ಇದು ನೋವು.

ಸಾಯುವ ಭಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಒಂದೂವರೆ ವರ್ಷದ ಕೂಸಿಗೆ ಎಷ್ಟು ನೆನಪು ಇರಲು ಸಾಧ್ಯ? ನಾನು ಹೋಗಿಬಿಟ್ಟರೆ ನನ್ನ ಮುಖ ಅವಳ ಮನಸ್ಸಿನಲ್ಲಿ ಉಳಿಯುವುದಿಲ್ಲ. ಉಳಿದುಕೊಂಡರೂ, ಅಷ್ಟರೊಳಗೆ ಮರೆತುಬಿಟ್ಟಿದ್ದರೆ? ನಮ್ಮವರು ಆಗಾಗ ಹರಪನಹಳ್ಳಿಗೆ ಹೋಗಿ ನೋಡಿ ಬಂದು ವರದಿ ಕೊಡುತ್ತಿದ್ದರು. ದವಡೆ ಹಲ್ಲು ಬಂದಿದೆ, ಬೆಕ್ಕಿನ ಬಾಲ ಹಿಡಿಯುತ್ತಾಳೆ, ಅಂತ. "ನನ್ನ ಕೇಳ್ತಾಳೇನ್ರಿ?" ಅಂದರೆ, "ಕೇಳ್ತಾಳ, ಕೇಳ್ತಾಳ," ಎಂದು ತಕ್ಷಣ ಸೈಕಲ್ ಒರೆಸಲು ಹೋಗುತ್ತಿದ್ದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಸೈಕಲ್ಲು ಅಷ್ಟು ಹೊಳೆಯುತ್ತಿತ್ತು.

ದೇವರ ಮೇಲೆ ನನಗೆ ವಿಪರೀತ ಸಿಟ್ಟಿತ್ತು. ಅಷ್ಟು ವರ್ಷ ಕಾಯಿಸಿ ಕೊಟ್ಟು, ಮಡಿಲಿನಿಂದ ಎತ್ತಿಕೊಂಡು ಹೋಗುವುದಾದರೆ ಕೊಟ್ಟದ್ದು ಯಾಕೆ? ಸಂಜೆಯ ಪ್ರಾರ್ಥನೆಗೆ ನಮ್ಮವರು ಕಣ್ಣು ಮುಚ್ಚಿ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಕಣ್ಣು ತೆರೆದುಕೊಂಡೇ ಮನಸ್ಸಿನಲ್ಲಿ ಜಗಳ ಕಾಯುತ್ತಿದ್ದೆ. ಆಮೆನ್ ಅನ್ನುವಾಗ ಮಾತ್ರ ಇಬ್ಬರೂ ಒಟ್ಟಿಗೆ ಅನ್ನುತ್ತಿದ್ದೆವು.

ಇನ್ನು ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ ಮಂದಿಯ, ಬಗ್ಗೆ ಸ್ವಲ್ಪ ಹೇಳಬೇಕು. ಕೆಲವೇ ಮನೆಗಳ ಸಣ್ಣ ಸಭೆ. ಎಲ್ಲರೂ ಕೂಲಿನಾಲಿ ಮಾಡಿ ಬಂದವರ ಮಕ್ಕಳು, ಈಗೀಗ ಒಬ್ಬೊಬ್ಬರು ನೌಕರಿ ಹಿಡಿಯುತ್ತಿದ್ದರು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಸಭೆಗಳನ್ನೂ ನೋಡಿಕೊಳ್ಳುತ್ತಿದ್ದರು. ಹಾಗಾಗಿ ನಮಗೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುಸ್ವಾಮಿಯ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆ. ಒಣದ್ರಾಕ್ಷಿ ನೆನೆಹಾಕಿ ಕುದಿಸಿ ಹಿಂಡಿ ರಸ ಮಾಡುವ ಕೆಲಸ ನಮ್ಮ ಅತ್ತೆಯದು, ಅದನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಎಲ್ಲರೂ ಸಾಲಾಗಿ ಮೊಣಕಾಲೂರುತ್ತೇವೆ. ಅಯ್ಯನವರು ರೊಟ್ಟಿಯ ತುಣುಕು ಕೊಟ್ಟು, ಒಂದೇ ಪಾತ್ರೆಯನ್ನು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ, ನಡುವೆ ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತಾ, ಹಿಡಿಯುತ್ತಾರೆ.

ಯಾರ ಮೇಲಾದರೂ ಮುನಿಸಿಟ್ಟುಕೊಂಡು ಆ ಪಾತ್ರೆಗೆ ಬಾಯಿ ಹಚ್ಚಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಾಗಾಗಿ ಹಿಂದಿನ ದಿನ ಶನಿವಾರ ಸಂಜೆ ಓಣಿಯಲ್ಲಿ ಓಡಾಟವೋ ಓಡಾಟ. ನಲ್ಲಿ ನೀರಿಗೆ ತಿಂಗಳೆಲ್ಲ ಜುಟ್ಟು ಹಿಡಿದುಕೊಂಡವರು ಆವತ್ತು ಒಬ್ಬರ ಮನೆಗೆ ಒಬ್ಬರು ಹೋಗಿ, "ತಪ್ಪಾತವ್ವ, ಮನಸಿನಾಗ ಇಟ್ಕಬ್ಯಾಡ," ಎಂದು ಕೈ ಹಿಡಿದುಕೊಳ್ಳುತ್ತಾರೆ. ಚಹಾ ಕುಡಿಯುತ್ತಾರೆ. ಸೋಮವಾರ ಮತ್ತೆ ನಲ್ಲಿ ಬಿಡುತ್ತಾರೆ. ಅದೇನೇ ಇರಲಿ, ತಿಂಗಳಿಗೊಂದು ದಿನವಾದರೂ ನಮ್ಮ ಓಣಿಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ನನಗೆ ಆಸ್ಪತ್ರೆಯಲ್ಲಿ ಊಟದ ತಟ್ಟೆ ಲೋಟ ಬೇರೆ ಇಟ್ಟುಕೊಳ್ಳಲು ಹೇಳಿದ್ದರು. ಅಂದ ಮೇಲೆ ಆ ಪಾತ್ರೆಗೆ ಹೇಗೆ ಬಾಯಿ ಹಚ್ಚಲಿ? ಮೊದಲ ಭಾನುವಾರ ಬಂತು. ಸಾಲು ಎದ್ದಿತು. ನಮ್ಮವರು ಒಬ್ಬರೇ ಎದ್ದು ಹೋದರು. ನಾನು ಹಿಂದೆ, ಸಣ್ಣ ಮಕ್ಕಳಿಂದ ದೂರ ಸರಿದು, ಚಾಪೆಯ ತುದಿಯಲ್ಲಿ ಉಳಿದೆ. ಮೊಣಕಾಲೂರಿದ್ದ ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಆರಾಧನೆ ಮುಗಿಯುವ ಮುಂಚೆಯೇ ಸುದ್ದಿ ಬಾಗಿಲು ದಾಟಿತ್ತು: ಮಾರ್ಥ ಪಾತ್ರೆ ಮುಟ್ಟಲಿಲ್ಲ, ಅವಳಿಗೆ ಯಾರ ಮೇಲೋ ಭಾರೀ ಸಿಟ್ಟಿದೆ.

ಮೊದಲು ಸಿಕ್ಕಿಬಿದ್ದವರು ನಮ್ಮ ಮನೆಯವರು. ನೆರೆಮನೆಯ ಸರೋಜಮ್ಮ ಅವರನ್ನು ಚರ್ಚಿನ ಅಂಗಳದಲ್ಲೇ ಅಡ್ಡಗಟ್ಟಿ, "ಏನಪ್ಪಾ, ಹೊಡ್ದೇನು ಆಕಿನ್ನ? ಕೂಸನ್ನೂ ತವರಿಗೆ ಕಳಿಸ್ಯಾಳ. ಇವತ್ತು ನೋಡಿದ್ರ ಹಿಂಗ!" ಎಂದು ಕೇಳಿದಳು. ನನ್ನ ಗಂಡ ನೊಣ ಹೊಡೆಯುವುದಕ್ಕೂ ಎರಡು ಸಲ ಯೋಚಿಸುವವರು. ಬೆಪ್ಪಾಗಿ ನಿಂತುಬಿಟ್ಟರು. ಬೆಪ್ಪಾಗಿ ನಿಂತದ್ದೇ ತಪ್ಪು ಒಪ್ಪಿಕೊಂಡಂತೆ ಆಯಿತು.

ಮುಂದಿನ ತಿಂಗಳೂ ನಾನು ಚಾಪೆ ಬಿಟ್ಟು ಏಳಲಿಲ್ಲ. ಆಗ ಶುರುವಾಯಿತು ನೋಡಿ ಮೆರವಣಿಗೆ. ಮೊದಲು ಸರೋಜಮ್ಮನೇ ಬಂದಳು. ಬಾಗಿಲಲ್ಲಿ ನಿಂತು ಕಣ್ಣೀರು. "ಮಾರ್ಥಾ, ನಂಗ ಗೊತ್ತಾತವ್ವ. ಅವತ್ತು ಕೊಟ್ಟೂರಿಗೆ ಹೋದಾಗ ಅಲ್ಲೇ ಟೇಲರ್ ಹತ್ರ ರವಿಕಿ ಹೊಲಿಸ್ಕಂಡೆ. ನಿಂಗ ಯಾರೋ ಹೇಳ್ಯಾರ. ತೋಳು ಬಿಗಿಯಾಗಿ ಕೈ ಎತ್ತಾಕ ಬರವಲ್ದು. ದೇವ್ರು ಅಲ್ಲೇ ಶಿಕ್ಷಾ ಕೊಟ್ಟಾನ, ನೀನೂ ಕೊಡಬ್ಯಾಡ!" ಕೈ ಎತ್ತಿ ತೋರಿಸಲು ಹೋಗಿ ಕಂಕುಳಲ್ಲಿ ಚರ್ ಅಂತ ಹರಿಯಿತು. ಇಬ್ಬರೂ ನಕ್ಕೆವು. ನನಗೆ ಆ ರವಿಕೆಯ ವಿಷಯವೇ ಗೊತ್ತಿರಲಿಲ್ಲ. ಅವಳ ಹಿಂದೆಯೇ ಮೂಲೆ ಮನೆಯ ಸಂತೋಷಮ್ಮ ಬಂದು, ನಲ್ಲಿಯ ಹತ್ತಿರ ನನ್ನ ಕೊಡ ಸರಿಸಿದ್ದು ತಾನೇ ಎಂದು ಒಪ್ಪಿಕೊಂಡಳು. ಹೀಗೆ ನನಗೆ ಗೊತ್ತೇ ಇರದ ನನ್ನ ವೈರಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಶರಣಾದರು. ಟಿ.ಬಿ. ಬಂದದ್ದರಿಂದ ನನಗಾದ ಮೊದಲ ಲಾಭ ಇದು.

ಕೊನೆಗೆ ಬಂದವರು ಅತ್ತೆ. ಯಾವಾಗಲೂ ಕಟ್ಟೆಯ ಮೇಲಿಂದಲೇ ಕೂಗಿ ಮಾತಾಡುವವರು ಆವತ್ತು ಒಳಗೆ ಬಂದು ನನ್ನ ಮಿಷನ್ ಪಕ್ಕ ನೆಲದ ಮೇಲೆ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ನಾನ ಕಾರಣ ಅಲ್ಲೇನವ್ವಾ?" ಎಂದರು.

"ಏನ್ ಅತ್ತಿ?"

"ದಿನಾ ಹಾಲು ಬಿಡಿಸು, ಹಾಲು ಬಿಡಿಸು ಅಂತ ನಿನ್ನ ಜೀವ ತಿಂದೆ. ನನ್ ಮಾತಿಗೆ ಬ್ಯಾಸತ್ತು ಕೂಸನ್ನ ಅಷ್ಟು ದೂರ ಕಳಿಸಿಬಿಟ್ಟಿ. ಹಡೆದೋಳ ಹೊಟ್ಟಿ ಉರಿಸೀನಿ ನಾನು. ಆ ರಸ ಹಿಂಡಾಕ ನಂಗ ಮನಸ್ಸು ಬರವಲ್ದು ಮಾರ್ಥಾ. ನಾನು ಹಿಂಡಿದ್ದನ್ನ ನನ್ ಸೊಸಿ ಮುಟ್ಟವಲ್ಲಳು ಅಂದ್ರ ನಾನು ಹೆಂಗ ಮುಟ್ಲಿ?"

ಇಷ್ಟು ಹೇಳಿ, ಆ ಹಿರಿಯ ಜೀವ ನನ್ನ ಎರಡೂ ಕೈ ಹಿಡಿದುಕೊಂಡಿತು. ನನಗೆ ತಡೆಯಲಾಗಲಿಲ್ಲ. ಕೈ ಬಿಡಿಸಿಕೊಂಡು ಹಿಂದೆ ಸರಿದು, "ಅತ್ತೀ, ಹತ್ರ ಬರಬ್ಯಾಡ್ರಿ. ನಂಗ ಟಿ.ಬಿ. ಐತಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಅಷ್ಟ ಏನು?" ಎಂದರು. "ನನ್ ಮ್ಯಾಲೆ ಸಿಟ್ಟಿಲ್ಲಲ್ಲ?"

"ಇಲ್ರಿ ಅತ್ತಿ."

"ಉಸ್ಸಪ್ಪಾ!" ಎಂದು ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಾದ ಮೇಲೆ ನಾನು ಹೇಳಿದ್ದು ಏನು ಎಂಬುದು ಅವರ ತಲೆಗೆ ಇಳಿಯಿತು. ಗಕ್ಕನೆ ಎದ್ದು ಕೂತು, ಬಾಯಿಗೆ ಸೆರಗು ಇಟ್ಟುಕೊಂಡು ಅತ್ತರು. ಅತ್ತು ಮುಗಿದ ಮೇಲೆ ಬೈಗುಳ ಶುರು. "ಲೇ, ಇದನ್ನ ಎದ್ಯಾಗ ಇಟ್ಕಂಡು ಒಬ್ಬಾಕೀನ ಕುಂತಿಯಲ್ಲಲೇ! ನಾವೇನು ಸತ್ತೀವೇನು? ಆ ಕತ್ತೆಯಂಥ ನನ್ ಮಗನಾರ ಒಂದ್ ಮಾತು ಹೇಳಬಾರದಾ?" ಅಷ್ಟು ಬೈಸಿಕೊಂಡು ನನಗೆ ಎಷ್ಟು ಹಗುರವಾಯಿತು ಅಂದರೆ, ಆವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನಾನು ದೇವರ ಜೊತೆ ಜಗಳವಾಡುತ್ತಿದ್ದುದನ್ನೂ ಹೇಳಿದೆ. ಅವರಿಗೆ ಗಾಬರಿಯಾಗಲಿಲ್ಲ. "ಬೈಯಿ. ಹತ್ರ ಇದ್ದೋರ್ನ ಬೈತೀವಿ, ದೂರ ಇದ್ದೋರ್ನ ಯಾರು ಬೈತಾರ? ನಿನ್ ಮಾವ ಸತ್ತಾಗ ನಾನೂ ಒಂದ್ ವರ್ಷ ಬೈದೀನಿ. ಕೇಳಿಸ್ಕಂಡ ಸುಮ್ನಿದ್ದ ಪುಣ್ಯಾತ್ಮ," ಎಂದರು. ಅದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಾನು ಯಾವ ಅಯ್ಯನವರ ಬಾಯಲ್ಲೂ ಕೇಳಿಲ್ಲ.

ಸಭೆಗೆ ಹೇಳಬೇಕೋ ಬೇಡವೋ ಎಂದು ನಮ್ಮವರು ಅನುಮಾನಿಸಿದರು. ರವಿಕೆ ಕೊಡುವವರು ನಿಂತುಬಿಟ್ಟರೆ, ಓಣಿಯವರು ದೂರ ಮಾಡಿದರೆ ಎಂಬ ಚಿಂತೆ. ನನಗೂ ಅದೇ ಚಿಂತೆ ಇತ್ತು. ಆದರೆ ಅತ್ತೆ ಕೇಳಿದ ಮೇಲೆ ಊರಿಗೇ ಹೇಳಿದ ಹಾಗೆ. ಅಯ್ಯನವರು ಬಂದಾಗ ಹಿರಿಯರೆಲ್ಲ ಕೂತು ಮಾತಾಡಿದರು. ಅಯ್ಯನವರು ಸಾಧು ಮನುಷ್ಯ. "ಪಾಪ, ಆಯಮ್ಮ ಯಾಕ ಭೋಜನ ತಪ್ಪಿಸ್ಕಬೇಕು? ಆಕಿಗೆ ಒಂದು ಬ್ಯಾರೆ ಲೋಟ ಇಡೋಣ," ಎಂದರು. ನನಗೂ ಅದು ಸರಿ ಅನ್ನಿಸಿತು.

ಅತ್ತೆ ಎದ್ದು ನಿಂತರು. ಸಭೆಯಲ್ಲಿ ಅವರು ಎದ್ದು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಯ್ಯನೋರ, ಸಿಟ್ಟಾಗಬ್ಯಾಡ್ರಿ. ಬ್ಯಾರೆ ಲೋಟ ನಮಗ ಹೊಸದಲ್ಲ. ನಮ್ಮಪ್ಪಗ ಹೋಟ್ಲಿನ ಹೊರಗ ಗ್ವಾಡಿಗೆ ಸಿಗಿಸಿದ್ದ ಲೋಟದಾಗ ಚಾ ಕೊಡ್ತಿದ್ರು. ತಾನ ತೊಳದು ಸಿಗಿಸಿ ಬರ್ತಿದ್ದ. ಈ ಗುಡ್ಯಾಗ ಎಲ್ಲಾರೂ ಒಂದ ಪಾತ್ರ್ಯಾಗ ಕುಡಿತಾರಂತ ಕೇಳೇ ಅವನು ಇಲ್ಲಿಗೆ ಬಂದದ್ದು. ನನ್ ಸೊಸಿಗೆ ನಾನು ಇಲ್ಲಿ ಬ್ಯಾರೆ ಲೋಟ ಇಡಗೊಡಾಕಿಲ್ಲ. ಇಟ್ರ ಎಲ್ಲಾರಿಗೂ ಇಡ್ರಿ."

ಅಯ್ಯನವರು ತಲೆ ಬಗ್ಗಿಸಿ ಕೂತವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗೇ ಆಗ್ಲಿ ರೂತಮ್ಮ," ಎಂದರು.

ಮುಂದಿನ ಮೊದಲ ಭಾನುವಾರ ಎಲ್ಲರೂ ಮನೆಮನೆಯಿಂದ ಲೋಟ ತಂದರು. ಸ್ಟೀಲಿನವು, ಹಿತ್ತಾಳೆಯವು, ಮದುವೆಯಲ್ಲಿ ಬಂದವು, ಹೆಸರು ಕೊರೆಸಿದವು. ಸರೋಜಮ್ಮನ ಗಂಡ ಏನೂ ಸಿಗಲಿಲ್ಲವೆಂದು ಚೊಂಬೇ ತಂದಿದ್ದ. ಅಯ್ಯನವರು ಪಾತ್ರೆಯಿಂದ ಒಂದೊಂದು ಲೋಟಕ್ಕೂ ಒಂದೊಂದು ಗುಟುಕು ಸುರಿಯುತ್ತಾ ಬಂದವರು, ಆ ಚೊಂಬಿನ ಮುಂದೆ ನಿಂತು, ನಗು ತಡೆಯಲಾಗದೆ, "ಮಜ್ಜಿಗಿಗೆ ಬಂದಿಯೇನಪ್ಪಾ?" ಎಂದುಬಿಟ್ಟರು. ಅಷ್ಟು ಗಂಭೀರವಾದ ಆರಾಧನೆಯಲ್ಲಿ ಇಡೀ ಸಾಲು ಕುಲುಕುಲು ನಕ್ಕಿತು. ನಾನು ನನ್ನ ಮನೆಯ ಲೋಟ ಹಿಡಿದು ಎಲ್ಲರ ನಡುವೆ ಮೊಣಕಾಲೂರಿದ್ದೆ. ಯಾರ ಲೋಟ ಯಾವುದು ಅಂತ ಯಾರಿಗೂ ಲಕ್ಷ್ಯ ಇರಲಿಲ್ಲ. ದೇವರ ಮೇಲಿನ ನನ್ನ ಸಿಟ್ಟು ಅಲ್ಲಿ ಅರ್ಧ ಇಳಿಯಿತು. ಇನ್ನರ್ಧ ಹರಪನಹಳ್ಳಿಯಲ್ಲಿತ್ತು.

ಓಣಿಯ ಮಾತಿಗೆ ಬಂದರೆ, ಕೆಲವರು ರವಿಕೆ ಕೊಡುವುದನ್ನು ನಿಲ್ಲಿಸಿದರು. ಅದನ್ನು ನಾನು ಬಣ್ಣಿಸಿ ಹೇಳುವುದಿಲ್ಲ, ಅವರವರ ಮನೆಯಲ್ಲೂ ಕೂಸುಗಳಿದ್ದವು. ಸರೋಜಮ್ಮ ಮಾತ್ರ ಹರಿದ ರವಿಕೆಯನ್ನು ತಂದು ಕೊಟ್ಟು, ಓಣಿಯ ಜನರಿಗೆಲ್ಲ ಕೇಳುವಂತೆ, "ಇನ್ ಮ್ಯಾಲೆ ನಂದು ಎಲ್ಲಾ ನಿನ್ ಹತ್ರಾನ," ಎಂದು ಕೂಗಿ ಹೇಳಿ ಹೋದಳು.

ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ, ಸಿಸ್ಟರ್ ಎದುರಿಗೇ ಹಿಡಿ ತುಂಬ ಮಾತ್ರೆ ನುಂಗಬೇಕಿತ್ತು. ಮೊದಲ ದಿನ ಮೂತ್ರ ಕೆಂಪಗೆ ಬಂದದ್ದು ಕಂಡು ಹಿತ್ತಲಲ್ಲೇ ಕುಸಿದು ಕೂತಿದ್ದೆ. ಅದು ಮಾತ್ರೆಯ ಬಣ್ಣ, ಹೆದರಬೇಡ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಈಗ ನಾನು ಹೊಸಬರಿಗೆ ಮೊದಲು ಹೇಳುವ ಮಾತೇ ಅದು. ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತು. ಅನ್ನ ಕಂಡರೆ ಆಗುತ್ತಿರಲಿಲ್ಲ.

ಆ ಬೆಂಚಿನ ಮೇಲೆ ಸಿಕ್ಕವಳು ಹನುಮಕ್ಕ. ಗುಡೇಕೋಟೆಯ ಕಡೆಯವಳು, ಕುರಿ ಕಾಯುವ ಮನೆ. ಅವರೂರ ಹತ್ತಿರ ಮಾತ್ರೆ ಕೊಡುವವರು ಆಗ ಇರಲಿಲ್ಲ, ಹಾಗಾಗಿ ಬಸ್ಸು ಹಿಡಿದು ಕೂಡ್ಲಿಗಿಗೇ ಬರುತ್ತಿದ್ದಳು. ನನಗಿಂತ ತೆಳ್ಳಗಾಗಿದ್ದಳು. ಹಿಂದೊಮ್ಮೆ ಸ್ವಲ್ಪ ಆರಾಮಾದ ಕೂಡಲೇ ಮಾತ್ರೆ ಬಿಟ್ಟು, ರೋಗ ತಿರುಗಿ ಬಂದು ಮತ್ತೆ ಶುರು ಮಾಡಿದವಳು. ನುಂಗುವಾಗ ಪ್ರತಿ ಸಲ ಕಣ್ಣು ಮುಚ್ಚಿ, "ನೀನು ಮೊದ್ಲು ನುಂಗವ್ವ, ಆಮ್ಯಾಲೆ ನಾನು," ಅನ್ನುತ್ತಿದ್ದಳು. ನಾನು ನುಂಗಿ ಬಾಯಿ ತೆರೆದು ತೋರಿಸಬೇಕು, ಆಮೇಲೆ ಅವಳದು. ನಾನು ಪ್ರಾರ್ಥನೆ ಮಾಡುವವಳು ಎಂದು ತಿಳಿದ ಮೇಲೆ, "ನಿಮ್ ಯೇಸಪ್ಪಗ ನನ್ ಹೆಸ್ರೂ ಹೇಳವ್ವ. ನಾನು ನಮ್ಮ ದೇವ್ರಿಗೆ ನಿಂದೂ ಹೇಳೀನಿ. ಯಾವ್ದಾರ ಒಂದು ಕೇಳ್ತೈತಿ," ಎಂದಳು. ಆ ದಿನದಿಂದ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಹನುಮಕ್ಕನ ಹೆಸರು ಸೇರಿತು. ನನ್ನದಾದರೆ ಜಗಳವಾಡುತ್ತಿದ್ದೆ, ಅವಳದನ್ನು ಮಾತ್ರ ವಿನಯದಿಂದ ಕೇಳುತ್ತಿದ್ದೆ.

ಎರಡು ತಿಂಗಳಾದ ಮೇಲೆ ಮತ್ತೆ ಕಫ ಪರೀಕ್ಷೆ. ಕೃಪಾಳನ್ನು ಕರೆತರಲು ನಾನು ಹೊಸ ಫ್ರಾಕು ಹೊಲಿದಿಟ್ಟಿದ್ದೆ. ಡಾಕ್ಟರು ಚೀಟಿ ನೋಡಿ, "ಇನ್ನೂ ಐತಮ್ಮ. ಜೋರು ಮಾತ್ರೆ ಮುಂದುವರಿಸ್ಬೇಕು, ಮತ್ತೆ ನೋಡೋಣ," ಎಂದರು. ಮನೆಗೆ ಬಂದು ಆ ಫ್ರಾಕನ್ನು ಟ್ರಂಕಿನ ತಳಕ್ಕೆ ತುರುಕಿದೆ. ಮುಂದಿನ ಸರದಿಯ ದಿನ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲ. ನಮ್ಮವರು ಕರೆದರು, ಅತ್ತೆ ಬೈದರು. "ಇನ್ನ ಆಗಂಗಿಲ್ಲ, ನನ್ನ ಬಿಟ್ಬಿಡ್ರಿ," ಎಂದು ಗೋಡೆಯ ಕಡೆ ತಿರುಗಿಕೊಂಡೆ.

ಮಲಗಿದಲ್ಲೇ ಒಂದು ಯೋಚನೆ ಬಂತು. ಗುಡೇಕೋಟೆಯ ಬಸ್ಸು ಬಂದಿರುತ್ತದೆ. ಹನುಮಕ್ಕ ಮಾತ್ರೆ ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತಿರುತ್ತಾಳೆ. ನಾನು ನುಂಗದಿದ್ದರೆ ಅವಳು ನುಂಗುವುದಿಲ್ಲ. ಅವಳು ಈ ಸಲ ಬಿಟ್ಟರೆ ಉಳಿಯುವುದಿಲ್ಲ. ಸಿಟ್ಟು ಬಂತು, ಅಳು ಬಂತು. "ನನ್ನ ಏಳಿಸಾಕ ಆ ಹಾಳಾದೋಳನ್ನ ಕಳಿಸಿಯೇನು?" ಎಂದು ದೇವರಿಗೆ ಕೇಳುತ್ತಲೇ ಸೀರೆ ಉಟ್ಟೆ. ಹೋಗಿ ನೋಡಿದರೆ ಹಾಗೇ ಕೂತಿದ್ದಳು, ಅಂಗೈಯ ಬೆವರಿಗೆ ಮಾತ್ರೆಯ ಬಣ್ಣ ಬಿಟ್ಟುಕೊಂಡಿತ್ತು. "ಬಂದ್ಯಾ? ನೀ ಸತ್ತಿ ಅನ್ಕಂಡಿದ್ದೆ," ಎಂದಳು. ಆ ದಿನ ದೇವರ ಮೇಲಿನ ಉಳಿದರ್ಧ ಸಿಟ್ಟೂ ಸುಸ್ತಾಗಿ ಕೂತಿತು. ನನ್ನಿಂದ ಇನ್ನೂ ಒಬ್ಬರಿಗೆ ಉಪಯೋಗವಿದೆ ಅನ್ನುವುದಷ್ಟೇ ಸಾಕಾಯಿತು, ಎದ್ದು ನಡೆಯಲು. ಈಗಲೂ ಬೆಂಚಿನ ಮೇಲೆ ಹೋಗಿ ಕೂರುವುದು ಅದೇ ಕಾರಣಕ್ಕೆ.

ಮುಂದಿನ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಮಾತ್ರೆ ಇನ್ನೂ ತಿಂಗಳುಗಟ್ಟಲೆ ಇತ್ತು. ಆದರೆ ಡಾಕ್ಟರು, "ಹೋಗಮ್ಮ, ಮಗಳನ್ನ ಕರ್ಕಂಡು ಬಾ," ಎಂದರು. ನನಗೆ ಕಾಲು ಬರಲಿಲ್ಲ. ಇನ್ನೂ ಇದ್ದರೆ? ಅವಳಿಗೆ ತಗುಲಿದರೆ? ಈ ವಾರ, ಮುಂದಿನ ವಾರ ಎಂದು ತಳ್ಳುತ್ತಾ ಹೋದೆ. ಕೊನೆಗೆ ಹನುಮಕ್ಕ, "ಏನವ್ವ, ಕೂಸು ಮದುವಿ ಆದ ಮ್ಯಾಲೆ ಹೋಗ್ತಿಯೇನು?" ಎಂದು ತಿವಿದ ಮೇಲೆ ಟ್ರಂಕು ತೆಗೆದೆ. ಫ್ರಾಕು ಸಣ್ಣದಾಗಿರುತ್ತದೆ ಎಂದು ಅಂಚು ಬಿಚ್ಚಿ ಉದ್ದ ಮಾಡಿದೆ.

ಹರಪನಹಳ್ಳಿಯಲ್ಲಿ ಬಾಗಿಲಿಗೆ ಹೋದಾಗ ಕೃಪಾ ನಮ್ಮವ್ವನ ಸೊಂಟದ ಮೇಲಿದ್ದಳು. ಕೂದಲು ಬೆಳೆದಿತ್ತು. ನಾನು ಕೈ ಚಾಚಿದೆ. ಅವಳು ಮುಖ ತಿರುಗಿಸಿ ಅಜ್ಜಿಯ ಭುಜದಲ್ಲಿ ಹುದುಗಿಸಿಕೊಂಡಳು.

"ಯಾರು ಬಂದಾರೆ ನೋಡೇ, ನಿಮ್ಮವ್ವ ಬಂದಾಳೆ," ಎಂದು ನಮ್ಮವ್ವ ಅವಳನ್ನು ತಿರುಗಿಸಿದಳು.

ಕೃಪಾ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. "ಅವ್ವ ಕೂಡ್ಲಿಗ್ಯಾಗೆ ಅದಾಳೆ," ಎಂದಳು.

ನಮ್ಮವ್ವನ ಮುಖ ಸಣ್ಣದಾಯಿತು. "ದಿನಾ ಮಲಗಿಸುವಾಗ ಹೇಳಿಕೊಟ್ಟೀನಿ ಕಣೇ, ನಿಮ್ಮವ್ವ ಕೂಡ್ಲಿಗ್ಯಾಗೆ ಅದಾಳೆ, ಆರಾಮಾಗ್ಲಿ ದೇವ್ರೇ ಅನ್ನು ಅಂತ. ಮರೀಬಾರ್ದು ಅಂತ ಹೇಳಿಕೊಟ್ಟೆ. ಹಿಂಗಾಗತ್ತೆ ಅಂತ ನಂಗೇನು ಗೊತ್ತು?" ಎಂದಳು. ಮರೆಯದಿರಲಿ ಎಂದು ಅವಳು ಕಲಿಸಿದ್ದಳು, ಕೂಸು ಅಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಯಾರನ್ನು ಬೈಯಲಿ? ಮಿಕ್ಕಿದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ನಕ್ಕೆ.

"ಹೌದು, ಕೂಡ್ಲಿಗ್ಯಾಗ ಅದಾಳ. ನಾನು ಅಲ್ಲಿಗೇ ಹೊಂಟೀನಿ. ಬರ್ತಿಯೇನು, ಅವ್ವನ್ನ ತೋರಿಸ್ತೀನಿ? ಬಸ್ಸಿನಾಗ ಹೋಗಣ."

ಬಸ್ಸು ಅಂದ ಮೇಲೆ ಇಳಿದು ಬಂದಳು, ಹೊಸ ಫ್ರಾಕನ್ನೂ ಹಾಕಿಸಿಕೊಂಡಳು. ಕಿಟಕಿಯ ಪಕ್ಕ ಕೂರಿಸಿಕೊಂಡೆ. ಮೈಗೆ ಮೈ ತಾಗಿಸದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪರವೂರಿನವರ ಜೊತೆ ಕೂತ ಹಾಗೆ ಕೂತಿದ್ದಳು. ಬಸ್ಸು ನಿಂತಲ್ಲೆಲ್ಲ, "ಇದು ಕೂಡ್ಲಿಗಿ?" ಎಂದು ಕೇಳುತ್ತಿದ್ದಳು. "ಇಲ್ಲ ಬಂಗಾರ, ಇನ್ನೂ ಮುಂದೈತಿ," ಅನ್ನುತ್ತಿದ್ದೆ. ಕೊಟ್ಟೂರು ಬಂದಾಗ ಇಳಿದೇಬಿಡಲು ಎದ್ದಳು, ಹಿಡಿದು ಕೂರಿಸಬೇಕಾಯಿತು. ಕೊಟ್ಟೂರು ದಾಟಿದ ಮೇಲೆ ಗಾಳಿಗೆ ಕಣ್ಣು ಎಳೆಯತೊಡಗಿತು. ತಲೆ ಅತ್ತ ಇತ್ತ ವಾಲಿ, ಕೊನೆಗೆ ನನ್ನ ಎದೆಗೆ ಬಂದು ಬಿತ್ತು. ನಾನು ಉಸಿರು ಬಿಗಿಹಿಡಿದು ಕೂತೆ, ಎಲ್ಲಿ ಕೆಮ್ಮು ಬರುವುದೋ ಎಂಬ ಹೆದರಿಕೆಗೆ. ಬರಲಿಲ್ಲ.

ಎಷ್ಟು ಹೊತ್ತು ಮಲಗಿದ್ದಳೋ. ಬಸ್ಸು ಗುಂಡಿಗೆ ಇಳಿದು ಎದ್ದಾಗ ಅರೆಗಣ್ಣು ಬಿಟ್ಟಳು. ಮೂಗನ್ನು ನನ್ನ ರವಿಕೆಗೆ ಒತ್ತಿ ಒಮ್ಮೆ ಮೂಸಿದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಮತ್ತೆ ಅದೇ ಜಾಗಕ್ಕೆ ಕೆನ್ನೆ ಇಟ್ಟು, "ಅವ್ವಾ, ಉಚ್ಚಿ," ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಮಡಿಲು ಬೆಚ್ಚಗೆ ಒದ್ದೆಯಾಯಿತು. ಹೊಸ ಫ್ರಾಕು, ನನ್ನ ಸೀರೆ, ಸೀಟು, ಎಲ್ಲ. ನಾನು ಅವಳನ್ನು ಅವುಚಿಕೊಂಡು ಅತ್ತೆ. ಸ್ತೋತ್ರ ಹೇಳಿದೆನೋ ಬರೀ ಅತ್ತೆನೋ ನನಗೇ ತಿಳಿಯದು. ಕಂಡಕ್ಟರ್ ಗಾಬರಿಯಾಗಿ ಹತ್ತಿರ ಬಂದು, "ಏನಾತ್ರಿ ಅಕ್ಕಾರ? ಬಸ್ಸು ನಿಲ್ಸಬೇಕೇನ್ರಿ?" ಎಂದ.

"ಬ್ಯಾಡಪ್ಪ, ಹೋಗ್ಲಿ ಬಿಡು," ಎಂದೆ. ಕೂಡ್ಲಿಗಿ ಇನ್ನೂ ಬಂದಿರಲಿಲ್ಲ.